ಮೈಸೂರು–ಮಂಡ್ಯದಲ್ಲಿ ಸ್ವಂತ ಫೋಟೊ ಪ್ರಾಜೆಕ್ಟ್: ಯಾವುದನ್ನು ಹಿಡಿಯೋದು?

ಫೋನಿನಲ್ಲಿ ಸಾವಿರಾರು ಫೋಟೊ ಇರುತ್ತವೆ. ಆದರೆ "ನಿಮ್ಮದೊಂದು ಹತ್ತು ಚಿತ್ರ ತೋರಿಸಿ" ಎಂದರೆ ತಡಕಾಡಬೇಕಾಗುತ್ತದೆ. ಅರಮನೆ ದೀಪದ್ದು ಒಂದು, ಬೆಟ್ಟದ ಮಂಜಿನದ್ದು ಒಂದು, ರಂಗನತಿಟ್ಟಿನ ಕೊಕ್ಕರೆಯದ್ದು ಒಂದು. ಒಂದೊಂದೂ ಚೆನ್ನಾಗಿಯೇ ಇರುತ್ತದೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರುವುದಿಲ್ಲ. ಒಂದೇ ವಿಷಯ ಹಿಡಿದು, ಯಾರ ಒತ್ತಾಯವೂ ಇಲ್ಲದೆ, ತಿಂಗಳುಗಟ್ಟಲೆ ಮಾಡುವ ಸ್ವಂತ ಪ್ರಾಜೆಕ್ಟ್ ಬೇಕಾಗುವುದು ಇದಕ್ಕೇ.

ಯಾವ ವಿಷಯ ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಕ್ಯಾಮೆರಾ ಯಾವುದು ಎಂದಲ್ಲ. ಮನೆ ಎಲ್ಲಿ, ಬಿಡುವು ಯಾವಾಗ ಎಂದು. ಕುವೆಂಪುನಗರದಲ್ಲಿದ್ದು ಭಾನುವಾರ ಮಾತ್ರ ಬಿಡುವಿರುವವರಿಗೆ ಹೊಂದುವುದು ಬೇರೆ, ಪಾಂಡವಪುರದಲ್ಲಿ ಗದ್ದೆ ಪಕ್ಕದಲ್ಲೇ ಮನೆ ಇರುವವರಿಗೆ ಹೊಂದುವುದು ಬೇರೆ. ವಿಷಯ ಎಷ್ಟೇ ಚೆಂದ ಇರಲಿ, ಅಲ್ಲಿಗೆ ಎರಡನೇ ಸಲ, ಹತ್ತನೇ ಸಲ ಹೋಗೋಕೆ ಆಗದಿದ್ದರೆ ಅದು ಪ್ರಾಜೆಕ್ಟ್ ಆಗುವುದಿಲ್ಲ, ಟೂರಿನ ಫೋಟೊ ಆಗುತ್ತದೆ. ಕೆಳಗಿನ ಹೋಲಿಕೆಯನ್ನೆಲ್ಲ ಈ ಒಂದೇ ಅಳತೆಗೋಲು ಹಿಡಿದು ಮಾಡಿದ್ದೇನೆ.

ದಿನಕ್ಕೊಂದೋ, ವಾರಕ್ಕೊಂದೋ?

ವರ್ಷಕ್ಕೆ 365 ಫೋಟೊ ಅಥವಾ ವಾರಕ್ಕೊಂದರಂತೆ 52. ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಕೈ ಪಳಗೋಕೆ ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ತೊಂದರೆ ಏನೆಂದರೆ, ಮೊದಲ ತಿಂಗಳ ಉತ್ಸಾಹ ಮುಗಿದ ಮೇಲೆ ರಾತ್ರಿ ಹತ್ತು ಗಂಟೆಗೆ ನೆನಪಾಗಿ ಕಾಫಿ ಲೋಟ, ಚಪ್ಪಲಿ, ಫ್ಯಾನು ತೆಗೆಯೋದು ಶುರುವಾಗುತ್ತದೆ. ಲೆಕ್ಕ ಭರ್ತಿಯಾಗುತ್ತದೆ, ನೋಡೋಕೆ ಏನೂ ಉಳಿಯುವುದಿಲ್ಲ.

ದಿನಾ ತೆಗೆಯಬೇಕೆಂದಿದ್ದರೆ, ದಿನಾ ತಾನಾಗಿಯೇ ಬದಲಾಗುವ ವಸ್ತುವನ್ನು ಹಿಡಿಯಿರಿ. ನನ್ನ ಕಣ್ಣಿಗೆ ನಮ್ಮ ಕಡೆ ಇದಕ್ಕೆ ರಂಗೋಲಿಗಿಂತ ಒಳ್ಳೆಯದು ಇಲ್ಲ. ಅಗ್ರಹಾರದಲ್ಲೋ ಚಾಮರಾಜಪುರಂನಲ್ಲೋ ಹಳೆ ಮನೆಗಳ ಬೀದಿಯಲ್ಲಿ ಬೆಳಗ್ಗೆ ಒಂದು ಸುತ್ತು ಹಾಕಿ. ಒಂದೇ ಬಾಗಿಲು ಆರಿಸಿಕೊಳ್ಳಿ, ಮನೆಯವರಿಗೆ ಹೇಳಿಡಿ. ಬಿಸಿಲು ಬೀಳುವ ಮೊದಲೇ, ನೆರಳಿನಲ್ಲೇ ತೆಗೆಯಬೇಕು. ಇಲ್ಲದಿದ್ದರೆ ಅರ್ಧ ರಂಗೋಲಿ ಬೆಳ್ಳಗೆ ಬೆಂದುಹೋಗುತ್ತದೆ. ಫೋನನ್ನು ನೆಲಕ್ಕೆ ಸರಿಸಮ ಹಿಡಿದು, ಪ್ರತಿದಿನ ಒಂದೇ ಎತ್ತರದಿಂದ. ಶುಕ್ರವಾರದ್ದು ದೊಡ್ಡದಿರುತ್ತದೆ, ಧನುರ್ಮಾಸದಲ್ಲಿ ಇನ್ನೂ ದೊಡ್ಡದು. ಮನೆಯಲ್ಲಿ ಸೂತಕವಿದ್ದರೆ ಬಾಗಿಲು ಬರಿದಾಗಿರುತ್ತದೆ. ಆ ಬರಿ ನೆಲವನ್ನೂ ತೆಗೆಯಬಹುದೇ ಎಂದು ಆ ಮನೆಯವರನ್ನು ಆಮೇಲೆ, ಸಮಯ ನೋಡಿ ಕೇಳಬೇಕು. ಇಂಥ ಸರಣಿಯಲ್ಲಿ ಒಂದು ವರ್ಷದ ಮನೆಯ ಕಥೆಯೇ ಇರುತ್ತದೆ.

ಅಂಥ ವಸ್ತು ಹತ್ತಿರದಲ್ಲಿ ಸಿಗದಿದ್ದರೆ ವಾರಕ್ಕೊಂದೇ ಸಾಕು. ಕೆಲಸಕ್ಕೆ ಹೋಗುವವರಿಗೆ ನಾನು ಹೇಳುವುದೂ ಅದನ್ನೇ.

ಒಂದೇ ಜಾಗ, ವರ್ಷವಿಡೀ

ಮೊದಲ ಪ್ರಾಜೆಕ್ಟ್‌ಗೆ ಇದಕ್ಕಿಂತ ಸುರಕ್ಷಿತ ಆಯ್ಕೆ ಇಲ್ಲ. ಯಾರನ್ನೂ ಒಪ್ಪಿಸಬೇಕಾಗಿಲ್ಲ, ದುಡ್ಡು ಖರ್ಚಿಲ್ಲ, ಒಂದು ವಾರ ತಪ್ಪಿದರೂ ಕೆಲಸ ಕೆಡುವುದಿಲ್ಲ.

ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಇದೆ. ವಾಕಿಂಗ್‌ಗೆ ಹೋಗುವವರು ಹೇಗೂ ಹೋಗುತ್ತೀರಿ. ದಂಡೆಯ ಮೇಲೆ ಒಂದೇ ಮರ, ಒಂದೇ ತಿರುವು ಹಿಡಿಯಿರಿ. ನೀರಿನ ಮಟ್ಟ, ಮಂಜು, ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು, ಬೆಳಗ್ಗೆ ನಡೆಯುವ ಜನ, ಎಲ್ಲವೂ ತಾವಾಗಿಯೇ ಬಂದು ಚೌಕಟ್ಟಿನೊಳಗೆ ನಿಲ್ಲುತ್ತವೆ. ಮಂಡ್ಯದವರಿಗೆ ಇನ್ನೂ ಒಳ್ಳೆಯದಿದೆ: ಒಂದು ಗದ್ದೆ. ನಾಲೆಗೆ ನೀರು ಬಿಟ್ಟ ಮೇಲೆ ಉಳುಮೆ, ಒಟ್ಟಲು ಪಾತಿ, ನಾಟಿ, ಹಸಿರು, ಹೊಡೆ, ಹಳದಿ, ಕೊಯ್ಲು, ಆಮೇಲೆ ಕೂಳೆ ಉಳಿದ ಬರಿ ನೆಲ. ನೀರು ತಡವಾದ ವರ್ಷ ಆ ತಡವೂ ಚಿತ್ರದಲ್ಲಿ ಬರುತ್ತದೆ. ಕೆಆರ್‌ಎಸ್ ಕಟ್ಟೆಯ ಮಟ್ಟವನ್ನು ಪೇಪರಿನಲ್ಲಿ ದಿನಾ ಓದುವ ಊರಿನಲ್ಲಿ ಒಂದು ಗದ್ದೆಯ ವರ್ಷವನ್ನು ಯಾರೂ ಸುಮ್ನೆ ನೋಡಿ ಮುಂದೆ ಹೋಗುವುದಿಲ್ಲ.

ಇದರದ್ದೇ ಇನ್ನೊಂದು ರೂಪ ಅಂದು–ಇಂದು ಸರಣಿ. ಹಳೆಯ ಫೋಟೊ ತೆಗೆದ ಜಾಗದಲ್ಲೇ ನಿಂತು ಮತ್ತೆ ತೆಗೆಯುವುದು. ಮೈಸೂರಿಗೆ ಇದು ಹೇಳಿ ಮಾಡಿಸಿದ್ದು. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜನ ಸತ್ತರು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು. ಇವನ್ನು ಕೆಡವಬೇಕೋ ಉಳಿಸಬೇಕೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದಿದೆ. ಇವತ್ತು ಇರುವ ಹಾಗೆ ಒಮ್ಮೆ ಸರಿಯಾಗಿ ದಾಖಲಿಸಿಡುವುದು ದೊಡ್ಡ ಕೆಲಸವೇ.

ಇಲ್ಲಿ ಒಂದು ಕೈಚಳಕ ಗೊತ್ತಿರಬೇಕು. ಹಳೆ ಫೋಟೊ ತೆಗೆದವರು ಎಲ್ಲಿ ನಿಂತಿದ್ದರು ಎಂದು ಝೂಮ್ ಮಾಡಿ ಕಂಡುಹಿಡಿಯೋಕೆ ಆಗುವುದಿಲ್ಲ. ಫೋಟೊದಲ್ಲಿ ಹತ್ತಿರದ ವಸ್ತು ಒಂದು, ದೂರದ್ದು ಒಂದು ಹುಡುಕಿ. ಉದಾಹರಣೆಗೆ ಹತ್ತಿರದ ಒಂದು ಕಂಬ, ಅದರ ಹಿಂದೆ ದೊಡ್ಡ ಗಡಿಯಾರ. ಕಂಬದ ಎಡ ಅಂಚು ಗಡಿಯಾರದ ಯಾವ ಭಾಗವನ್ನು ಮುಚ್ಚಿದೆ ನೋಡಿ. ಅದೇ ಭಾಗ ಮುಚ್ಚುವವರೆಗೆ ನೀವು ಎಡಕ್ಕೆ ಬಲಕ್ಕೆ ಸರಿಯಿರಿ. ಒಂದು ಹೆಜ್ಜೆ ಆಚೀಚೆ ಆದರೂ ತಪ್ಪಿಹೋಗುತ್ತದೆ. ಹೀಗೆ ಎರಡು ಜೋಡಿ ಹೊಂದಿದರೆ ನೀವು ಅವರು ನಿಂತ ಜಾಗದಲ್ಲೇ ನಿಂತಿದ್ದೀರಿ ಎಂದರ್ಥ. ಹಳೆ ಫೋಟೊಗಳನ್ನು ಬಳಸುವಾಗ ಅದು ಯಾರ ಸಂಗ್ರಹದ್ದು ಎಂದು ಬರೆಯುವುದು ಮರ್ಯಾದೆ.

ದೊಡ್ಡ ಗಡಿಯಾರವನ್ನೇ ಉದಾಹರಣೆಗೆ ತೆಗೆದುಕೊಂಡಿದ್ದಕ್ಕೆ ಕಾರಣ ಇದೆ. 1927ರಲ್ಲಿ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿಸಿದ್ದು. ಅರಮನೆ ಪಕ್ಕದಲ್ಲೇ ಇರುವುದರಿಂದ ಎಷ್ಟೋ ಜನರ ಮನೆ ಆಲ್ಬಮ್ಮಿನಲ್ಲಿ ಅದು ಹಿನ್ನೆಲೆಯಲ್ಲಿ ಎಲ್ಲೋ ಇಣುಕಿರುತ್ತದೆ. ನಿಮ್ಮ ಮನೆಯದನ್ನೂ ಒಮ್ಮೆ ತೆಗೆದು ನೋಡಿ.

ಜನರ ಸರಣಿ: ಅತಿ ಕಷ್ಟ, ಅತಿ ಹೆಚ್ಚು ಫಲ

ಮೈಸೂರಿನವರೇ ಆದ ಫೋಟೊ ಪತ್ರಕರ್ತ ಟಿ. ಎಸ್. ಸತ್ಯನ್ ಹೆಸರು ಇಲ್ಲಿ ಹೇಳದೆ ಇರೋಕೆ ಆಗುವುದಿಲ್ಲ. 1923ರಲ್ಲಿ ಹುಟ್ಟಿದವರು, 1977ರಲ್ಲಿ ಪದ್ಮಶ್ರೀ ಬಂತು, 2009ರಲ್ಲಿ ತೀರಿಕೊಂಡರು. ದೊಡ್ಡ ದೊಡ್ಡವರನ್ನು ತೆಗೆದಿದ್ದರೂ ಅವರ ಹೆಸರು ಹೇಳಿದಾಗ ಕಣ್ಣಮುಂದೆ ಬರುವುದು ಸಾಮಾನ್ಯ ಜನ, ಮಕ್ಕಳು, ಬೀದಿ. ನೋಡಿದರೆ ಸಲೀಸು ಅನ್ನಿಸುತ್ತದೆ. ಎದುರಿಗಿರುವವರು ಕ್ಯಾಮೆರಾ ಮರೆಯುವವರೆಗೆ ಜೊತೆಗಿರಬೇಕು, ಕಷ್ಟ ಇರುವುದು ಅಲ್ಲಿ.

ಜನರ ಸರಣಿಗೆ ನಮ್ಮ ಕಡೆ ಎರಡು ಜಾಗ ಸಹಜವಾಗಿ ಸಿಗುತ್ತವೆ: ದೇವರಾಜ ಮಾರುಕಟ್ಟೆ ಮತ್ತು ಆಲೆಮನೆ. ಎರಡನ್ನೂ ಸ್ವಲ್ಪ ಹತ್ತಿರದಿಂದ ಹೋಲಿಸುತ್ತೇನೆ.

ಮಾರುಕಟ್ಟೆಯಲ್ಲಿ ಕುಂಕುಮದ ಗೋಪುರಗಳನ್ನು ತೆಗೆಯದ ಪ್ರವಾಸಿ ಇಲ್ಲ. ಅದನ್ನು ಬಿಟ್ಟುಬಿಡಿ. ಹೂವಿನ ಸಾಲಿಗೆ ಬನ್ನಿ. ಹೂ ಕಟ್ಟುವವರ ಕೈ ನೋಡಿ: ಎಡಗೈ ಬೆರಳುಗಳ ನಡುವೆ ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಬಲಗೈಯಲ್ಲಿ ದಾರ ಒಂದು ಸುತ್ತು, ಒಂದು ಕುಣಿಕೆ, ಎಳೆದರೆ ಬಿಗಿ. ಕಣ್ಣು ಗಿರಾಕಿಯ ಮೇಲೆ, ಬಾಯಲ್ಲಿ ಚೌಕಾಸಿ, ಕೈ ಮಾತ್ರ ನಿಲ್ಲುವುದೇ ಇಲ್ಲ. ಆಮೇಲೆ ಮೊಣಕೈಯಿಂದ ಬೆರಳ ತುದಿಗೆ ಹಿಡಿದು ಒಂದು ಮೊಳ. ಆ ಮೊಳದ ಅಳತೆಯಲ್ಲಿ ಕೊನೆಗೆ ಒಂದು ಗೇಣು ಜಾಸ್ತಿ ಬಿಡುವವರು, ಬಿಡದವರು, ಇಬ್ಬರೂ ಇರುತ್ತಾರೆ. ಕೈಗಳದ್ದೇ ಒಂದು ಸರಣಿ ಮಾಡಿದರೂ ಒಂದು ವರ್ಷಕ್ಕೆ ಸಾಕು. ಮುಖ ತೋರಿಸೋಕೆ ಇಷ್ಟವಿಲ್ಲದವರೂ ಕೈ ತೆಗೆಯೋಕೆ ಬೇಡ ಅನ್ನುವುದು ಕಡಿಮೆ. ಮೊದಲ ಸಲ ಜನರ ಹತ್ತಿರ ಹೋಗೋಕೆ ಹಿಂಜರಿಯುವವರಿಗೆ ಇದು ಒಳ್ಳೆಯ ದಾರಿ.

ಬೆಳಗ್ಗೆ ಬೇಗ ಹೋಗಿ, ಆದರೆ ಬೋಣಿಗೆ ಮುಂಚೆ ಕ್ಯಾಮೆರಾ ತೆಗೆಯಬೇಡಿ. ಮೊದಲ ಗಿರಾಕಿ ಬರುವ ಹೊತ್ತಿನಲ್ಲಿ ಅಡ್ಡ ನಿಂತರೆ ಯಾರಿಗೂ ಹಿಡಿಸುವುದಿಲ್ಲ. ಒಂದು ಮೊಳ ಹೂ ತಗೊಳ್ಳಿ, "ಅಕ್ಕಾ, ಕೈ ಮಾತ್ರ ಒಂದು ಫೋಟೊ ತೆಗೀಲಾ?" ಎಂದು ಕೇಳಿ. ಮುಂದಿನ ವಾರ ಹೋಗುವಾಗ ಪ್ರಿಂಟ್ ತಗೊಂಡು ಹೋಗಿ ಕೊಡಿ. ಪ್ರಿಂಟ್ ಕೊಟ್ಟ ಮೇಲೆ ಪಕ್ಕದ ಅಂಗಡಿಯವರೇ ಕರೆದು "ನಮ್ದೂ ತೆಗೀರಿ" ಅನ್ನುತ್ತಾರೆ.

ಆಲೆಮನೆ ಇನ್ನೊಂದು ಲೋಕ. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಸುತ್ತ ರಸ್ತೆ ಬದಿಯಲ್ಲೇ ಹೊಗೆ ಕಾಣುತ್ತದೆ. ಗಾಣದಲ್ಲಿ ಕಬ್ಬು ಅರೆದು ಹಾಲು ತೊಟ್ಟಿಗೆ ಬರುತ್ತದೆ, ಅಲ್ಲಿಂದ ಕೊಪ್ಪರಿಗೆಗೆ. ಒಲೆಗೆ ಹಾಕುವುದು ಒಣಗಿದ ಕಬ್ಬಿನ ಸಿಪ್ಪೆಯನ್ನೇ. ಹಾಲು ಕಾದಂತೆ ಮೇಲೆ ಕಟ್ಟುವ ಕೊಳೆ ನೊರೆಯನ್ನು ಉದ್ದ ಕೋಲಿನ ಜಾಲರಿಯಿಂದ ತೆಗೆಯುತ್ತಲೇ ಇರಬೇಕು. ಬಣ್ಣ ಹಸಿರಿನಿಂದ ಹಳದಿ, ಹಳದಿಯಿಂದ ಕಂದು. ಪಾಕ ಬಂತಾ ಎಂದು ನೋಡೋಕೆ ಒಂದು ಹನಿ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾರೆ. ಆ ಒಂದು ಗಳಿಗೆ ಮುಗಿದರೆ ಕೊಪ್ಪರಿಗೆ ಇಳಿಸುವ ಗಡಿಬಿಡಿ ಶುರು. ಆಗ ನೀವು ದಾರಿಗೆ ಅಡ್ಡ ಇರಲೇಬಾರದು, ಅದು ಕುದಿಯುವ ಪಾಕ.

ಫೋಟೊದ ಲೆಕ್ಕದಲ್ಲಿ ಆಲೆಮನೆ ಮಾರುಕಟ್ಟೆಗಿಂತ ಕಷ್ಟ. ಹಬೆ ಲೆನ್ಸಿನ ಮೇಲೆ ಕೂರುತ್ತದೆ, ಸಿಹಿ ಅಂಟುತ್ತದೆ. ಒರೆಸೋಕೆ ಹತ್ತಿ ಬಟ್ಟೆ ಎರಡು ಇಟ್ಟುಕೊಂಡಿರಿ. ಹಬೆ ಬೆಳ್ಳಗಿರುವುದರಿಂದ ಕ್ಯಾಮೆರಾ ಮೋಸ ಹೋಗಿ ಮುಖಗಳನ್ನು ಕಪ್ಪಾಗಿಸುತ್ತದೆ, ಫೋನಿನ ಪರದೆಯಲ್ಲಿ ಮುಖದ ಮೇಲೆ ಒತ್ತಿ ಬೆಳಕು ಅಳೆಯಿರಿ. ಆದರೆ ಮಾಡಿನ ಸಂದಿಯಿಂದ ಬಿಸಿಲು ಹಬೆಯೊಳಗೆ ಕೋಲಾಗಿ ಇಳಿಯುವಾಗ ಎದುರು ಬೆಳಕಿನಲ್ಲಿ ಸಿಗುವ ಚಿತ್ರ ಬೇರೆಲ್ಲೂ ಸಿಗುವುದಿಲ್ಲ.

ಇಲ್ಲಿ ಕೇಳಬೇಕಾದವರು ಇಬ್ಬರು. ಯಜಮಾನರ ಒಪ್ಪಿಗೆ ಸಿಕ್ಕರೆ ಕೆಲಸದವರ ಒಪ್ಪಿಗೆಯೂ ಸಿಕ್ಕಿತು ಎಂದುಕೊಳ್ಳಬೇಡಿ. ಎಷ್ಟೋ ಕಡೆ ದೂರದ ರಾಜ್ಯಗಳಿಂದ ಬಂದವರು ಕೆಲಸ ಮಾಡುತ್ತಿರುತ್ತಾರೆ, ಅವರಿಗೆ ಕನ್ನಡ ಬಾರದೇ ಇರಬಹುದು, ಬೇಡ ಅನ್ನೋಕೆ ಸಂಕೋಚ ಇರಬಹುದು. ಊರಿನವರಾದರೆ ನೇರವಾಗಿಯೇ ಕೇಳುತ್ತಾರೆ: "ಯಾಕಣ್ಣ ಫೋಟೊ? ಪೇಪರ್‌ಗಾ?" "ಇಲ್ಲಣ್ಣ, ಸ್ವಂತಕ್ಕೆ." "ಸ್ವಂತಕ್ಕೆ ನಮ್ ಫೋಟೊ ಯಾಕೆ?" ಈ ಪ್ರಶ್ನೆಗೆ ನಿಮ್ಮ ಹತ್ತಿರ ನಿಜವಾದ ಉತ್ತರ ಇರಬೇಕು. ಉತ್ತರ ಸಿಗದಿದ್ದರೆ ಕ್ಯಾಮೆರಾ ಚೀಲದಲ್ಲೇ ಇರಲಿ, ಬೆಲ್ಲ ತಗೊಂಡು ಬನ್ನಿ, ಯೋಚನೆ ಮಾಡಿ ಮತ್ತೆ ಹೋಗಿ.

ಹಾಗಾದರೆ ಎರಡರಲ್ಲಿ ಯಾವುದು? ನಗರದಲ್ಲಿರುವವರು ಮಾರುಕಟ್ಟೆ ಹಿಡಿಯಿರಿ, ಹಳ್ಳಿ ಕಡೆ ನೆಂಟಸ್ತಿಕೆ ಇರುವವರು ಆಲೆಮನೆ. ನೆಂಟರೋ ಗೆಳೆಯರೋ ಒಬ್ಬರು ಮೊದಲ ಸಲ ಜೊತೆಗೆ ಬಂದು ಪರಿಚಯ ಮಾಡಿಕೊಟ್ಟರೆ ಎಷ್ಟೋ ವಾರದ ಕೆಲಸ ಉಳಿಯುತ್ತದೆ.

ಹಕ್ಕಿಗಳ ಆಸೆ ಇರುವವರಿಗೆ

ರಂಗನತಿಟ್ಟು 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬಣ್ಣದ ಕೊಕ್ಕರೆ, ಬಾಯಿಕಳಕ, ಹೆಜ್ಜಾರ್ಲೆ, ಬಂಡೆ ಮೇಲೆ ಬಿಸಿಲು ಕಾಯಿಸುವ ಮೊಸಳೆ. ಎಲ್ಲ ಸರಿ. ಆದರೆ ಪ್ರಾಜೆಕ್ಟ್ ಎಂದು ನೋಡಿದರೆ ಖರ್ಚು ಜಾಸ್ತಿ: ಪ್ರವೇಶ, ದೋಣಿ, ದೊಡ್ಡ ಲೆನ್ಸಿಗೆ ಬೇರೆ ಶುಲ್ಕ. ದೋಣಿ ಅಲುಗಾಡುತ್ತಿರುತ್ತದೆ, ಟ್ರೈಪಾಡ್ ಉಪಯೋಗಕ್ಕೆ ಬರುವುದಿಲ್ಲ. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟಾದರೂ ವೇಗದ ಶಟರ್ ಬೇಕು. ದೊಡ್ಡ ಲೆನ್ಸ್ ಇಲ್ಲದವರು ಇದನ್ನು ಮೊದಲ ಪ್ರಾಜೆಕ್ಟ್ ಮಾಡಿಕೊಳ್ಳುವುದು ಬೇಡ.

ಅವರಿಗೆ ನಾನು ಹೇಳುವ ಊರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹಕ್ಕಿ ದೂರದ ನಡುಗಡ್ಡೆಯಲ್ಲಿ ಇರುವುದಿಲ್ಲ, ಊರ ನಡುವಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತದೆ. ಕೆಳಗೆ ಮನೆ, ದನ, ಮಕ್ಕಳು. ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರಿನವರು ಅವನ್ನು ನೋಡಿಕೊಂಡು ಬಂದಿದ್ದಾರೆ. ಇಲ್ಲಿ ಚಿತ್ರದ ವಿಷಯ ಹಕ್ಕಿಯ ರೆಕ್ಕೆ ಮಾತ್ರ ಅಲ್ಲ, ಹಕ್ಕಿ ಮತ್ತು ಊರು ಒಟ್ಟಿಗೆ ಬದುಕುವುದು. ಅದಕ್ಕೆ ಫೋನಿನ ಅಗಲ ಲೆನ್ಸೇ ಸಾಕು, ಕೆಲವೊಮ್ಮೆ ಅದೇ ಒಳ್ಳೆಯದು. ಚಳಿಗಾಲದಿಂದ ಬೇಸಿಗೆವರೆಗೆ ಹೋಗಬಹುದು. ಗೂಡಿನ ಕೆಳಗೆ ಗಲಾಟೆ ಮಾಡಬಾರದು, ಹಕ್ಕಿ ಏಳಲಿ ಎಂದು ಚಪ್ಪಾಳೆ ತಟ್ಟಲೇಬಾರದು. ಬಿಸಿಲಲ್ಲಿ ತಾಯಿ ಎದ್ದು ಹೋದರೆ ಮರಿ ಒಣಗುತ್ತದೆ.

ಮನೆಯ ಹಳೆ ಆಲ್ಬಮ್

ಇದನ್ನು ಪ್ರಾಜೆಕ್ಟ್ ಎಂದು ಯಾರೂ ಎಣಿಸುವುದಿಲ್ಲ. ನನಗೆ ಇದರ ಮೇಲೆ ತುಂಬಾ ಪ್ರೀತಿ. ಉಳಿದೆಲ್ಲವನ್ನೂ ಮುಂದಿನ ವರ್ಷಕ್ಕೆ ಮುಂದೂಡಬಹುದು, ಇದನ್ನು ಆಗುವುದಿಲ್ಲ. ಹೆಸರು ಗೊತ್ತಿರುವವರು ಇರುವಾಗಲೇ ಮಾಡಬೇಕು.

ಅಜ್ಜಿಯ ಪಕ್ಕ ಕೂತು ಒಂದೊಂದೇ ಫೋಟೊ ತೋರಿಸಿ. "ಯಾರಜ್ಜಿ ಇದು?" "ನಿಮ್ಮಪ್ಪನ ಸೋದರತ್ತೆ ಕಣೋ. ಈ ಸೀರೆ ನಂದು, ಫೋಟೊಗೆ ಅಂತ ಇಸ್ಕೊಂಡಿದ್ಳು." ಸೀರೆಯ ಆ ಮಾತು ಯಾವ ಫೋಟೊದ ಹಿಂದೆಯೂ ಬರೆದಿರುವುದಿಲ್ಲ. ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಅವರಿಗೆ ಹೇಳಿಯೇ.

ಕೆಲಸದ ಕ್ರಮ ಹೀಗೆ. ಸ್ಕ್ಯಾನರ್ ಇದ್ದರೆ 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಇಡಿ. 4x6 ಇಂಚಿನ ಫೋಟೊ ಆಗ 2400x3600 ಪಿಕ್ಸೆಲ್ ಆಗುತ್ತದೆ, ಅದರ ಎರಡರಷ್ಟು ದೊಡ್ಡದಾಗಿಯೂ ಪ್ರಿಂಟ್ ಹಾಕಿಸಬಹುದು. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಜಾಗದಲ್ಲಿ, ಫ್ಲಾಶ್ ಇಲ್ಲದೆ ಫೋನಿನಲ್ಲೇ ತೆಗೆಯಿರಿ. ಹೊಳಪು ಬಂದರೆ ನಿಮ್ಮ ಎದುರಿಗೆ ಒಂದು ಕಪ್ಪು ಬಟ್ಟೆ ಹಿಡಿಯೋಕೆ ಯಾರಿಗಾದರೂ ಹೇಳಿ. ಪ್ಲಾಸ್ಟಿಕ್ ಹಾಳೆ ಎಳೆದು ಅಂಟಿಸುವ ಹಳೆ ಆಲ್ಬಮ್ಮಿನ ಗೋಂದು ಫೋಟೊವನ್ನು ಹಳದಿ ಮಾಡುತ್ತದೆ, ಆದರೆ ಬಿಗಿಯಾಗಿ ಅಂಟಿದ್ದನ್ನು ಕಿತ್ತರೆ ಹರಿಯುತ್ತದೆ. ಅಂಥದ್ದನ್ನು ಆಲ್ಬಮ್ಮಿನಲ್ಲೇ ಇಟ್ಟು ತೆಗೆಯಿರಿ. ಬಿಡಿ ಫೋಟೊಗಳ ಹಿಂದೆ ಹೆಸರು ಬರೆಯೋಕೆ ಮೃದು ಪೆನ್ಸಿಲ್ ಬಳಸಿ, ಬಾಲ್‌ಪೆನ್ ಮುಂದಕ್ಕೆ ಉಬ್ಬುತ್ತದೆ, ಶಾಯಿ ಇಳಿಯುತ್ತದೆ.

ಇದಕ್ಕೆ ಮಧ್ಯಾಹ್ನದ ಬಿಡುವು ಸಾಕು. ಹೊರಗೆ ಹೋಗೋಕೆ ಆಗದವರಿಗೆ, ಚಿಕ್ಕ ಮಗು ಇರುವವರಿಗೆ, ಮಳೆಗಾಲಕ್ಕೆ, ಹೇಳಿ ಮಾಡಿಸಿದ್ದು.

ಕ್ಯಾಮೆರಾ ಬಿಟ್ಟು ಕೈಯಿಂದ ಮಾಡುವವು

ಫೋಟೊಗೂ ಚಿತ್ರಕಲೆಗೂ ನಡುವೆ ಗೋಡೆ ಏನಿಲ್ಲ. ಹಳೆ ಸ್ಟುಡಿಯೋಗಳಲ್ಲಿ ಕಪ್ಪು–ಬಿಳುಪು ಫೋಟೊಗೆ ಕೈಯಿಂದ ಬಣ್ಣ ತುಂಬುತ್ತಿದ್ದರು, ಅಲ್ವಾ? ಈಗಲೂ ಮ್ಯಾಟ್ ಕಾಗದದ ಪ್ರಿಂಟ್ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಮಾಡಬಹುದು.

ಸ್ಕೆಚ್ ಅತಿ ಅಗ್ಗ. ಒಂದು ಪುಸ್ತಕ, ಒಂದು ಪೆನ್ನು. ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಹುಟ್ಟಿ ಬೆಳೆದ ಊರು ಇದು, ಕಾಗೆಗಳನ್ನು ಜೀವನಪೂರ್ತಿ ಬಿಡದೆ ಬರೆದವರು ಅವರು. ಕಾಗೆ ನೋಡೋಕೆ ಟಿಕೆಟ್ ಬೇಡ, ನಿಮ್ಮ ಮನೆ ತಾರಸಿಗೇ ಬರುತ್ತದೆ. ಫೋಟೊಗಾಗಿ ಹೋಗುವ ಜಾಗದಲ್ಲೇ ಹತ್ತು ನಿಮಿಷ ಸ್ಕೆಚ್ ಮಾಡಿದರೆ ಚೌಕಟ್ಟು ಕಟ್ಟುವ ಕಣ್ಣೂ ಪಳಗುತ್ತದೆ. ಟ್ರೈಪಾಡ್‌ಗೆ ಮುಂಚಿತ ಅನುಮತಿ ಕೇಳುವ ಸೋಮನಾಥಪುರದಂಥ ಪುರಾತತ್ವ ಇಲಾಖೆಯ ಸ್ಮಾರಕದಲ್ಲೂ ಪೆನ್ಸಿಲ್ ಹಿಡಿದು ಕೂತವರಿಗೆ ತೊಂದರೆ ಇಲ್ಲ.

ಸಯನೋಟೈಪ್ ನನಗೆ ಇಷ್ಟದ್ದು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎರಡರ ದ್ರಾವಣ ಬೆರೆಸಿ ಮಂದ ಬೆಳಕಿನಲ್ಲಿ ಕಾಗದಕ್ಕೆ ಬಳಿದು ಒಣಗಿಸಬೇಕು. ಮೇಲೆ ಎಲೆಯನ್ನೋ, ಪಾರದರ್ಶಕ ಹಾಳೆಯಲ್ಲಿ ಪ್ರಿಂಟ್ ಮಾಡಿದ ನೆಗೆಟಿವನ್ನೋ ಇಟ್ಟು ಬಿಸಿಲಿಗೆ ಹಿಡಿಯಬೇಕು. ಆಮೇಲೆ ಹಳದಿ ಹೋಗುವವರೆಗೆ ನೀರಿನಲ್ಲಿ ತೊಳೆದರೆ ಗಾಢ ನೀಲಿ ಚಿತ್ರ. ಕೈಗವಸು ಹಾಕಿಕೊಳ್ಳಿ, ಆಮ್ಲದ ಹತ್ತಿರ ಇಡಬೇಡಿ, ಅಡುಗೆ ಪಾತ್ರೆ ಬಳಸಬೇಡಿ. ನಮ್ಮ ಊರಿನ ಬಿಸಿಲು ಇದಕ್ಕೆ ಧಾರಾಳ. ಏಪ್ರಿಲ್ ಕೊನೆ ಮತ್ತು ಆಗಸ್ಟ್ ಮೂರನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಮೈಸೂರಿನ ನೆತ್ತಿ ಮೇಲೇ ಇರುತ್ತಾನೆ. ಆ ದಿನಗಳ ಮಧ್ಯಾಹ್ನ ಮುಖದ ಫೋಟೊಗೆ ಕೆಟ್ಟದ್ದು, ಕಣ್ಣಿನ ಗುಳಿಯಲ್ಲಿ ನೆರಳು ತುಂಬುತ್ತದೆ. ಸಯನೋಟೈಪ್‌ಗೆ ಮಾತ್ರ ಅದೇ ಹೊತ್ತು ಒಳ್ಳೆಯದು, ಆಗಸ್ಟಿನಲ್ಲಿ ಮೋಡ ಬಿಟ್ಟುಕೊಟ್ಟರೆ.

ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯನ್ನು ಈ ಸಾಲಿಗೆ ಸೇರಿಸೋಕೆ ನನಗೆ ಮನಸ್ಸಿಲ್ಲ. ಗೆಸ್ಸೊ ಎಂಬ ಲೇಪದ ಉಬ್ಬು ಕೆಲಸ, ಚಿನ್ನದ ರೇಕು, ಕೂದಲೆಳೆಯಂಥ ಗೆರೆ, ಇವನ್ನು ಗುರುಗಳ ಹತ್ತಿರ ಕೂತು ವರ್ಷಗಟ್ಟಲೆ ಕಲಿಯಬೇಕು. ಕಲಿಯೋಕೆ ಮನಸ್ಸಿದ್ದವರು ಅದನ್ನು ಅದೇ ಗೌರವದಿಂದ ಶುರು ಮಾಡಲಿ. ಆದರೆ ಬೆಳಕು ಕಲಿಯೋಕೆ ಜಗನ್ಮೋಹನ ಅರಮನೆಯ ಗ್ಯಾಲರಿಗೆ ಎಲ್ಲರೂ ಹೋಗಲೇಬೇಕು. ಹಲ್ದಂಕರ್ ಬರೆದ ದೀಪ ಹಿಡಿದ ಮಹಿಳೆಯ ಜಲವರ್ಣ ಚಿತ್ರದ ಮುಂದೆ ನಿಂತು, ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಹೇಗೆ ಕೆಂಪಗೆ ಬೆಳಗಿವೆ, ಸೀರೆಯ ಮಡಿಕೆಯಲ್ಲಿ ಬೆಳಕು ಎಲ್ಲಿ ಮುಗಿಯುತ್ತದೆ ನೋಡಿ. ಒಂದೇ ದೀಪದಲ್ಲಿ ಭಾವಚಿತ್ರ ತೆಗೆಯುವ ಪಾಠ ಅಲ್ಲೇ ಇದೆ.

ಫೋನೋ, ಕ್ಯಾಮೆರಾನೋ?

ರಂಗನತಿಟ್ಟಿನ ಹಕ್ಕಿ ಬಿಟ್ಟು ಮೇಲಿನ ಎಲ್ಲಕ್ಕೂ ಫೋನ್ ಸಾಕು. 12 ಮೆಗಾಪಿಕ್ಸೆಲ್ ಫೋಟೊ ಎಂದರೆ 4000x3000 ಪಿಕ್ಸೆಲ್. ಅದನ್ನು 12x18 ಇಂಚಿನ ಅಳತೆಗೆ ಕತ್ತರಿಸಿದರೆ ಇಂಚಿಗೆ 220ಕ್ಕಿಂತ ಜಾಸ್ತಿ ಚುಕ್ಕೆ ಸಿಗುತ್ತದೆ. ಗೋಡೆಗೆ ಹಾಕಿ ಎರಡು ಹೆಜ್ಜೆ ದೂರದಿಂದ ನೋಡೋಕೆ ಏನೂ ಕೊರತೆ ಕಾಣುವುದಿಲ್ಲ. ಆದರೆ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಎಂದು ಕಳಿಸಿದ್ದನ್ನು ಪ್ರಿಂಟಿಗೆ ಕೊಡಬೇಡಿ, ಅದು ಕುಗ್ಗಿರುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ ಅಥವಾ ಪೆನ್‌ಡ್ರೈವ್ ತಗೊಂಡು ಹೋಗಿ. ಹೊಸ ಕ್ಯಾಮೆರಾಕ್ಕೆ ಎತ್ತಿಟ್ಟ ದುಡ್ಡು ಇದ್ದರೆ ಅದರಲ್ಲಿ ಒಂದು ಪಾಲು ಪ್ರಿಂಟಿಗೆ, ಒಂದು ಪಾಲು ಹೆಚ್ಚುವರಿ ಹಾರ್ಡ್ ಡಿಸ್ಕಿಗೆ ಇಡಿ. ಮೂರು ಪ್ರತಿ, ಅದರಲ್ಲಿ ಒಂದು ಮನೆಯಿಂದ ಹೊರಗೆ, ಅಣ್ಣನ ಮನೆಯಲ್ಲೋ ಕ್ಲೌಡಿನಲ್ಲೋ.

ಫಿಲ್ಮ್ ಕ್ಯಾಮೆರಾ ಬೇಡವೇ ಬೇಡ ಎನ್ನುವುದಿಲ್ಲ. 36 ಚಿತ್ರಕ್ಕೆ ರೋಲು, ತೊಳೆಸುವ ಖರ್ಚು, ಕಾಯುವುದು ಇವೆಲ್ಲ ಸೇರಿ ಎರಡನೇ ಪ್ರಾಜೆಕ್ಟ್‌ಗೆ ಸರಿ.

ಯಾರಿಗೆ ಯಾವುದು, ಯಾವಾಗ ಶುರು

ಭಾನುವಾರ ಮಾತ್ರ ಬಿಡುವಿದ್ದರೆ: ಒಂದೇ ಜಾಗ, ಅಥವಾ ಮಾರುಕಟ್ಟೆಯ ಕೈಗಳು. ದಿನಾ ಬೆಳಗ್ಗೆ ಅರ್ಧ ಗಂಟೆ ಇದ್ದರೆ: ರಂಗೋಲಿ. ಮನೆ ಬಿಟ್ಟು ಹೋಗೋಕೆ ಆಗದಿದ್ದರೆ: ಆಲ್ಬಮ್, ಸಯನೋಟೈಪ್. ವಿದ್ಯಾರ್ಥಿಗಳಾಗಿ ಜನರ ಜೊತೆ ಬೆರೆಯುವ ಸ್ವಭಾವ ಇದ್ದರೆ: ಆಲೆಮನೆ. ಎರಡು ಇಷ್ಟವಾದರೆ ಹತ್ತಿರ ಇರುವುದನ್ನು ಹಿಡಿಯಿರಿ, ಯೋಚಿಸಬೇಡಿ.

ಗದ್ದೆಯ ಸರಣಿಯನ್ನು ನಾಲೆಗೆ ನೀರು ಬಿಡುವ ಹೊತ್ತಿಗೆ ಶುರು ಮಾಡಿ, ನಾಟಿ ಮುಗಿದ ಮೇಲೆ ಹೋದರೆ ಅರ್ಧ ಕಥೆ ತಪ್ಪುತ್ತದೆ. ರಂಗೋಲಿಗೆ ಧನುರ್ಮಾಸ ಒಳ್ಳೆಯ ಆರಂಭ. ದಸರಾದಲ್ಲಿ ಶುರು ಮಾಡುವುದಾದರೆ ಜಂಬೂಸವಾರಿಯ ಜನಜಂಗುಳಿಗಿಂತ ಮನೆಗಳ ಬೊಂಬೆ ಹಬ್ಬ ನೋಡಿ. ಪಟ್ಟದ ಗೊಂಬೆಯ ಜೊತೆ ಅದನ್ನು ಜೋಡಿಸಿದವರನ್ನೂ ನಿಲ್ಲಿಸಿ ತೆಗೆಯಿರಿ, ಮುಂದಿನ ವರ್ಷ ಅದೇ ಮನೆಗೆ ಪ್ರಿಂಟ್ ಹಿಡಿದು ಹೋಗಿ. ಎರಡನೇ ವರ್ಷ ಅವರೇ ಪಕ್ಕದ ಮನೆಯವರಿಗೆ ಫೋನ್ ಮಾಡಿ "ಬರ್ತಾ ಇದ್ದಾರೆ, ಬೊಂಬೆ ರೆಡಿನಾ?" ಎಂದು ಕೇಳುತ್ತಾರೆ.

ಆರು ತಿಂಗಳಾದ ಮೇಲೆ ಎಲ್ಲವನ್ನೂ 4x6ರಲ್ಲಿ ಪ್ರಿಂಟ್ ಹಾಕಿಸಿ ನಡುಮನೆಯ ನೆಲದ ಮೇಲೆ ಹರಡಿ. ಒಂದೇ ಥರದವು ಪಕ್ಕಪಕ್ಕ ಬಂದರೆ ಒಂದನ್ನು ತೆಗೆದಿಡಿ. ಇಪ್ಪತ್ತು ಉಳಿದರೆ ಒಂದು ಸಣ್ಣ ಪ್ರದರ್ಶನಕ್ಕೆ ಸಾಕು, ಬಡಾವಣೆಯ ಗ್ರಂಥಾಲಯದ ಗೋಡೆಯೂ ಆದೀತು, ಮಾರುಕಟ್ಟೆಯಲ್ಲೇ ಒಂದು ಹಗ್ಗ ಕಟ್ಟಿ ಕ್ಲಿಪ್ ಹಾಕಿದರೂ ಆದೀತು. ಯಾವ ಪ್ರಿಂಟ್ ಎಲ್ಲಿ ನೇತುಹಾಕುವುದು ಎಂದು ಹೂವಿನವರನ್ನೇ ಕೇಳಿ.